ನೀರು ಇಳಿದಾಗ ನಾವು ಕಚೇರಿಗೆ ಬರುವುದಿಲ್ಲ

ಕರಾವಳಿ ಅಭಿವೃದ್ಧಿ ಪ್ರಾಧಿಕಾರದ ಪ್ರಾದೇಶಿಕ ಮಹಾನಿರ್ದೇಶಕರಿಗೆ, ಎಲ್ಲರೂ ಓದಲೆಂದು

ಮಾನ್ಯರೇ,

ಬರುವ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮೂರಿನ ದಡದ ಬಗ್ಗೆ ಆಕ್ಷೇಪಣೆಯಿರುವವರೆಲ್ಲ, ಅಂದರೆ ನಮ್ಮ ಅರವತ್ತೊಂದು ಹೆಂಗಸರು, ನಲವತ್ತು ಕಿಲೋಮೀಟರ್ ದೂರದ ನಿಮ್ಮ ಕಚೇರಿಯಲ್ಲಿ ಖುದ್ದು ಹಾಜರಿರಬೇಕೆಂದು ಆಜ್ಞೆ ಮಾಡಿದ್ದೀರಿ. ಹಾಜರಾಗದವರು ತಮ್ಮ ದಡವನ್ನು ಇಪ್ಪತ್ತೈದು ವರ್ಷಗಳ ಕಾಲ ಒಬ್ಬ ಹೂಡಿಕೆದಾರರಿಗೆ ಬಿಟ್ಟುಕೊಡಲು ಒಪ್ಪಿದ್ದಾರೆಂದು ತಿಳಿಯಲಾಗುವುದು ಎಂದೂ ಬರೆಸಿದ್ದೀರಿ. ಅದೇ ಗುರುವಾರ, ಅದೇ ಹತ್ತು ಗಂಟೆಗೆ, ನಿಮ್ಮದೇ ಎಂಜಿನಿಯರರು ನಮ್ಮ ದಡಕ್ಕೆ ಬಂದು ಅಲ್ಲಿ ಯಾರಾದರೂ ದುಡಿಯುತ್ತಿದ್ದಾರೆಯೇ ಎಂದು ನೋಡುತ್ತಾರೆ. ಯಾರೂ ಕಾಣದಿದ್ದರೆ ‘ಬಳಕೆಯಲ್ಲಿಲ್ಲದ ಜಾಗ’ ಎಂದು ಬರೆದುಕೊಂಡು ಹೋಗುತ್ತಾರೆ. ನಾವು ಕಚೇರಿಗೆ ಬಂದರೆ ದಡ ಖಾಲಿ. ದಡದಲ್ಲಿ ನಿಂತರೆ ಕಚೇರಿ ಖಾಲಿ. ಹೇಗೆ ನಿಂತರೂ ದಡ ಹೋಯಿತು. ಈ ಏರ್ಪಾಡನ್ನು ಯಾರಾದರೂ ಕೂತು ಯೋಚಿಸಿ ಮಾಡಿದರೋ, ಅಥವಾ ನಿಮ್ಮ ಎರಡು ವಿಭಾಗಗಳು ಒಂದನ್ನೊಂದು ಮಾತಾಡಿಸದೆ ಮಾಡಿಕೊಂಡವೋ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದು ನಿಮ್ಮ ಗೌರವಕ್ಕೆ ಒಪ್ಪುತ್ತದೋ ಅದನ್ನೇ ನಂಬಲು ನಾನು ಸಿದ್ಧಳಿದ್ದೇನೆ.

ನಾನು ಬೀರ್ ಮಾಲಿಹ್‌ನವಳು. ವಯಸ್ಸು ಇಪ್ಪತ್ಮೂರು. ಹತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ನಿಮ್ಮ ಕಚೇರಿಯ ಎದುರು ಸಾಲಿನಲ್ಲಿರುವ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಕಾರು ಬಂದು ನಿಲ್ಲುವುದನ್ನು ದಿನವೂ ನೋಡುತ್ತೇನೆ. ಜನ ನಕಲು ಮಾಡಿಸಲು ತರುವ ಪ್ರತಿ ಕರಪತ್ರದ ಮೊದಲ ಹಾಳೆ ಓರೆಯಾಗಿ ಬಂದು ಹಾಳಾಗುತ್ತದೆ. ಆ ಹಾಳಾದ ಹಾಳೆಗಳನ್ನು ನಾನು ಮನೆಗೆ ಒಯ್ಯುತ್ತೇನೆ. ಕಾರ್ಮಿಕ ಸಂಘದ್ದು, ವಕೀಲರ ಕೂಟದ್ದು, ದೋಣಿಯವರ ಒಕ್ಕೂಟದ್ದು, ನಿಮ್ಮ ಪ್ರಾಧಿಕಾರದ್ದೂ. ನನಗೆ ಗೊತ್ತಿರುವ ಕಾನೂನೆಲ್ಲ ಅಂಚು ಕಪ್ಪಾದ ಆ ಹಾಳೆಗಳಿಂದ ಬಂದದ್ದು. ಎಲ್ಲಾದರೂ ತಪ್ಪಿದ್ದರೆ ನಿಮ್ಮ ವಕೀಲರು ತಿದ್ದಲಿ. ಆದರೆ ಸಮುದ್ರದ ವಿಷಯದಲ್ಲಿ ನನ್ನನ್ನು ತಿದ್ದಲು ಬರಬೇಡಿ.

ನಮ್ಮ ಗಾಬೆಸ್ ಕೊಲ್ಲಿಯ ನೀರು ಹುಣ್ಣಿಮೆ, ಅಮಾವಾಸ್ಯೆಗಳ ಹಿಂದುಮುಂದಿನ ದಿನಗಳಲ್ಲಿ ದೂರ ಸರಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ಸರಿಯಲು ತೊಡಗಿ ಹತ್ತೂವರೆಯ ಹೊತ್ತಿಗೆ ಪೂರ್ತಿ ಇಳಿದಿರುತ್ತದೆ. ಒಂದು ಗಂಟೆಗೆ ತಿರುಗಿ ಬಂದು ಮೊಳಕಾಲು ಮುಟ್ಟುತ್ತದೆ. ಆ ಐದು ಗಂಟೆ ನಮ್ಮ ಹೆಂಗಸರದು. ಕೆಸರಿನ ಮೇಲೆ ಅಕ್ಕಪಕ್ಕ ಎರಡು ಸಣ್ಣ ತೂತುಗಳು ಕಂಡರೆ ಅದರಡಿ ಕಪ್ಪೆಚಿಪ್ಪು ಇದೆ. ಕುಡುಗೋಲಿನ ತುದಿಯಿಂದ ಒಂದು ಸಲ ಗೀರಿದರೆ ಹೊರಗೆ ಬರುತ್ತದೆ. ಒಂದೇ ತೂತು ಕಂಡರೆ ಅದು ಬೇರೆ ಹುಳು, ಬಿಟ್ಟು ಮುಂದೆ ಹೋಗಬೇಕು. ಸೊಂಟ ಬಗ್ಗಿಸಿ, ಹಿಂದಕ್ಕೆ ಹೆಜ್ಜೆಯಿಡುತ್ತಾ, ಐದು ಗಂಟೆ. ಆರಿಸಿದ್ದು ಸೀ ಲಸ್ಸಾದ್ ಎಂಬ ದಲ್ಲಾಳಿಯ ವ್ಯಾನಿಗೆ ಹೋಗುತ್ತದೆ, ಅಲ್ಲಿಂದ ತೊಳೆಯುವ ಕೇಂದ್ರಕ್ಕೆ, ಅಲ್ಲಿಂದ ಸಮುದ್ರ ದಾಟಿ ಯಾರದೋ ಊಟದ ಮೇಜಿಗೆ. ನಮ್ಮ ಚಿಪ್ಪಿಗೆ ಗಡಿ ದಾಟಲು ಎಲ್ಲ ಮುದ್ರೆ ಸಿಗುತ್ತವೆ. ನಮ್ಮ ಹುಡುಗರಿಗೆ ಸಿಗುವುದಿಲ್ಲ. ಅದು ಇನ್ನೊಂದು ಪತ್ರದ ವಿಷಯ.

ಈಗ ನಿಮ್ಮ ಸಮೀಕ್ಷೆಗೆ ಬರುತ್ತೇನೆ. ಕಳೆದ ವರ್ಷ ನವೆಂಬರಿನಲ್ಲಿ, ಹುಣ್ಣಿಮೆಯ ಮರುದಿನ ಬೆಳಿಗ್ಗೆ ಹತ್ತಕ್ಕೆ, ನಿಮ್ಮ ಕಚೇರಿಯ ಯುವಕನೊಬ್ಬ ಕೈಯಲ್ಲೊಂದು ಟಚ್‌ಸ್ಕ್ರೀನ್ ಹಲಗೆ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದ. ನನಗೆ ಜ್ವರ, ಅಂಗಡಿಗೆ ಹೋಗಿರಲಿಲ್ಲ. ಪಡಸಾಲೆಯ ಪರದೆಯ ಹಿಂದೆ ಮಲಗಿದ್ದೆ. ಹೊರಗೆ ನನ್ನ ಅಜ್ಜಿ ಖದೂಜಾ ಕೂತಿದ್ದಳು. ಆಕೆಗೆ ಎಂಬತ್ತೊಂದು ವರ್ಷ. ಊರಿಗೆಲ್ಲ ಆಕೆ ಲಲ್ಲಾ ಖದೂಜಾ, ಅಂದರೆ ಹಿರಿಯಮ್ಮ.

“ಈ ಮನೇಲಿ ದುಡಿಯೋ ಹೆಂಗಸರು ಎಷ್ಟು ಜನ, ಲಲ್ಲಾ?”

“ಯಾರೂ ಇಲ್ಲ ಮಗಾ. ನಮ್ಮನೆ ಗಂಡಸರು ಇನ್ನೂ ಬದುಕಿದಾರೆ.”

“ಮತ್ತೆ ಸೊಸೆಯಂದಿರು ಎಲ್ಲಿ?”

“ಇಲ್ಲೇ ಎಲ್ಲೋ ಹೋಗಿದಾರೆ, ಬರ್ತಾರೆ. ನೀನು ಟೀ ಕುಡಿ, ಆರ್ತದೆ.”

“ಮನೆ ಹೇಗೆ ನಡೀತದೆ?”

“ದೇವರು ನಡೆಸ್ತಾನೆ. ನಿನ್ ಮದುವೆ ಆಗಿದ್ಯಾ?”

ಆ ಯುವಕ ತನ್ನ ಬೂಟುಗಳನ್ನು ಬಿಟ್ಟಿದ್ದು ಸವೆದ ಆರು ಹಳೆ ಕುಡುಗೋಲುಗಳನ್ನು ತೂಗುಹಾಕಿದ ಮೊಳೆಗಳ ಕೆಳಗೆ. ಅಂಗಳದಲ್ಲಿ ಅವನ ಸೊಂಟದೆತ್ತರ ಖಾಲಿ ಚಿಪ್ಪುಗಳ ಗುಡ್ಡೆ ಇತ್ತು. ಅವನು ಎರಡು ಲೋಟ ಟೀ ಕುಡಿದು, ಹಲಗೆಯ ಮೇಲೆ ಸೊನ್ನೆ ಒತ್ತಿ, ಅಜ್ಜಿಯ ಕೈಗೆ ಮುತ್ತಿಟ್ಟು ಪಕ್ಕದ ಮನೆಗೆ ಹೋದ. ಪಕ್ಕದ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಳು. ಮೂವತ್ತೆಂಟು ಮನೆಗಳಲ್ಲೂ ಆ ಹೊತ್ತಿಗೆ ಇದ್ದವರು ಅಜ್ಜಿಯರೇ, ಉಳಿದವರು ಕೆಸರಿನಲ್ಲಿದ್ದರು. ನಮ್ಮೂರಿನ ಹಿರಿಯ ಹೆಂಗಸು ಅಪರಿಚಿತನ ಎದುರು, ಈ ಮನೆಯನ್ನು ಸೊಸೆಯರು ಸಾಕುತ್ತಿದ್ದಾರೆ ಎನ್ನುವುದಿಲ್ಲ. ಹಾಗಂದರೆ ಸತ್ತ ಗಂಡನನ್ನೂ ಬದುಕಿರುವ ಮಗನನ್ನೂ ಬೀದಿಗೆ ತಂದ ಹಾಗೆ ಆಕೆಗೆ. ಮೂವತ್ತೆಂಟು ಬಾಗಿಲು, ಮೂವತ್ತೆಂಟು ಮನೆಯ ಟೀ, ಮೂವತ್ತೆಂಟು ಸೊನ್ನೆ.

ಇದರಲ್ಲಿ ನಮ್ಮ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ನಾನು ಪರದೆಯ ಹಿಂದಿದ್ದೆ. ಎಲ್ಲ ಕೇಳಿಸಿಕೊಂಡೆ. ಎದ್ದು ಬಂದು “ಅಜ್ಜೀ, ಅಮ್ಮ ಈಗ ಎಲ್ಲಿದಾಳೆ ಹೇಳು” ಎನ್ನಬಹುದಿತ್ತು. ಹೊರಗಿನವರ ಎದುರು ಅಜ್ಜಿಯ ಮಾತಿಗೆ ಅಡ್ಡ ಬರುವುದು ನಮ್ಮಲ್ಲಿಲ್ಲ. ಅಷ್ಟೊಂದು ಕರಪತ್ರ ಓದಿದವಳು ಕಂಬಳಿ ಎಳೆದುಕೊಂಡು ಮಲಗಿದೆ. ಆದರೆ ಮಾನ್ಯರೇ, ಕರಾವಳಿಯನ್ನೇ ಅಭಿವೃದ್ಧಿಪಡಿಸುವ ಪ್ರಾಧಿಕಾರದಲ್ಲಿ ಸಮುದ್ರ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ತಿಳಿದವರು ಒಬ್ಬರಾದರೂ ಇರಬೇಡವೇ? ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನಲ್ಲಿ ಚಂದ್ರನ ಚಿತ್ರ ಇರುತ್ತದಲ್ಲ, ಅದು ನಿಮಗೆ ಅಲಂಕಾರಕ್ಕೆಂದು ತೋರಿತೇ?

ಆ ಸೊನ್ನೆಗಳು ಮುಂದೆ ಎಲ್ಲಿಗೆ ಹೋದವೆಂದು ನನಗೆ ಗೊತ್ತಾದದ್ದು ಈ ಫೆಬ್ರವರಿಯಲ್ಲಿ. ರಾಜಧಾನಿಯ ದೊಡ್ಡ ಹೋಟೆಲಿನಲ್ಲಿ ನೀವು ಮಾಡಿದ ಭಾಷಣದ ಪುಸ್ತಿಕೆ ನಕಲಿಗೆ ಬಂತು. ‘ಅರಬ್ ನಾಡುಗಳ ಸಮೃದ್ಧಿ ಮಹಿಳೆಯ ಆರ್ಥಿಕ ಸಬಲೀಕರಣದಲ್ಲಿದೆ’ ಎಂದು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿತ್ತು. ನಿಜ ಹೇಳುತ್ತೇನೆ, ನನಗೆ ರೋಮಾಂಚನವಾಯಿತು. ಅದನ್ನು ನಾನೂ ನಂಬುತ್ತೇನೆ, ಬಹುಶಃ ನಿಮಗಿಂತ ಹೆಚ್ಚು. ನಮ್ಮ ನಾಡುಗಳಲ್ಲಿ ದುಡಿಯುವ ಹೆಂಗಸರ ಪ್ರಮಾಣ ಎಷ್ಟು ಕಡಿಮೆ, ಅದರಿಂದ ಇಡೀ ಪ್ರದೇಶ ಎಷ್ಟು ಕಳೆದುಕೊಳ್ಳುತ್ತಿದೆ ಎಂದು ಎರಡು ಪುಟ ದುಃಖಿಸಿದ್ದಿರಿ. ಮೂರನೆಯ ಪುಟದ ಪಟ್ಟಿಯಲ್ಲಿ ನಮ್ಮೂರ ಹೆಸರಿತ್ತು. ಮನೆಗಳು: ಮೂವತ್ತೆಂಟು; ದುಡಿಯುವ ಮಹಿಳೆಯರು: ಇಲ್ಲ; ಊರಿನ ಎದುರಿನ ದಡ: ಬಳಕೆಯಲ್ಲಿಲ್ಲ, ‘ಸಮೃದ್ಧ ತೀರ’ ಯೋಜನೆಗೆ ಸೂಕ್ತ.

ಯೋಜನೆ ಏನೆಂದರೆ, ದಡಕ್ಕೆ ಬೇಲಿ ಹಾಕಿ ಹೂಡಿಕೆದಾರರು ಕಪ್ಪೆಚಿಪ್ಪು ಸಾಕುತ್ತಾರೆ. ಅದನ್ನು ತೊಳೆದು ತುಂಬಲು ಮೂವತ್ತು ಮಹಿಳೆಯರಿಗೆ ಕೆಲಸ. ವಯಸ್ಸು ಮೂವತ್ತೈದು ಮೀರಿರಬಾರದು, ಶಾಲೆಯ ಪ್ರಮಾಣಪತ್ರ ಇರಬೇಕು. ನನ್ನ ಅಮ್ಮ ಮಹ್ಬೂಬಾಳಿಗೆ ಐವತ್ತೆರಡು. ಆಕೆಯ ಪ್ರಮಾಣಪತ್ರ ಆಕೆಯ ಸೊಂಟದಲ್ಲಿದೆ, ನೆಟ್ಟಗೆ ನಿಲ್ಲಲು ಕಾಲು ಗಂಟೆ ಬೇಕು. ಅಂದರೆ ನೀವು ಮಾಡಿದ್ದಿಷ್ಟು. ದುಡಿಯುವವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿಯದ ಕಾರಣ ದುಡಿಯುವವರು ಕಡಿಮೆಯೆಂದು ಹೋಟೆಲಿನಲ್ಲಿ ಕಣ್ಣೀರಿಟ್ಟಿರಿ. ಆ ಕಣ್ಣೀರಿಗೆ ಕರಗಿ ಹೊರದೇಶದವರು ಧನಸಹಾಯ ಕೊಟ್ಟರು. ಆ ಸಹಾಯದಿಂದ ಅರವತ್ತೊಂದು ಹೆಂಗಸರ ದುಡಿಮೆಗೆ ಬೇಲಿ ಹಾಕಿ ಮೂವತ್ತು ಜನರನ್ನು ಸಬಲರನ್ನಾಗಿ ಮಾಡುತ್ತೀರಿ. ಮುಂದಿನ ವರ್ಷದ ಪುಸ್ತಿಕೆಯಲ್ಲಿ ನಮ್ಮೂರು ಸೊನ್ನೆಯಿಂದ ಮೂವತ್ತಕ್ಕೆ ಏರಿರುತ್ತದೆ. ನಿಮಗೆ ಚಪ್ಪಾಳೆ ಬೀಳುತ್ತದೆ. ಮನೆಗೆ ಕಳಿಸಿದ ಮೂವತ್ತೊಂದು ಜನ ಯಾವ ಪುಟದಲ್ಲಿರುತ್ತಾರೆ?

ನಡುವೆ ತರಬೇತಿಯೊಂದನ್ನೂ ಏರ್ಪಡಿಸಿದ್ದಿರಿ. ಅದು ಅಮಾವಾಸ್ಯೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ, ಪೇಟೆಯ ಸಭಾಂಗಣದಲ್ಲಿ. ವಿಷಯ ಆತ್ಮವಿಶ್ವಾಸ ಮತ್ತು ಸಾಬೂನು ತಯಾರಿಕೆ. ನಮ್ಮೂರಿನಿಂದ ನಾನೊಬ್ಬಳೇ ಹೋಗಿದ್ದೆ, ಅಂಗಡಿ ಹತ್ತಿರವಿತ್ತೆಂದು. ‘ಸ್ಥಳೀಯ ಮಹಿಳೆಯರಲ್ಲಿ ಆಸಕ್ತಿಯ ಕೊರತೆ’ ಎಂದು ವರದಿ ಬರೆದರು. ಅದರ ನಕಲನ್ನೂ ನಾನೇ ತೆಗೆದೆ. ಸಂಜೆ ಊರಿಗೆ ಬಂದು ಹೇಳಿದಾಗ ನನ್ನ ಸೋದರತ್ತೆ ಹನಿಯ್ಯಾ ಬೂಟಿನ ಕೆಸರು ತೊಳೆಯುತ್ತಾ ಕೇಳಿದಳು:

“ಆತ್ಮವಿಶ್ವಾಸ ಅಂದ್ರೆ ಏನೇ ಅದು?”

“ಧೈರ್ಯವಾಗಿ ಎದುರು ನಿಂತು ಮಾತಾಡೋದು, ಅತ್ತೆ.”

“ಸೀ ಲಸ್ಸಾದ್ ಜೊತೆ ದಿನಾ ಚೌಕಾಸಿ ಮಾಡೋಳಿಗೆ ಅದನ್ನ ಕಲಿಸ್ತಾರಂತಾ? ಆ ಕಲಿಸೋ ಮೇಡಮ್‌ನ ಒಂದಿನ ಇಲ್ಲಿಗೆ ಕಳಿಸು. ನಾನು ಆತ್ಮವಿಶ್ವಾಸ ಹೇಳ್ಕೊಡ್ತೀನಿ, ಅವ್ರು ಸಾಬೂನು ಹೇಳ್ಕೊಡ್ಲಿ. ನನ್ ಕೈಗೆ ಬೇಕಾಗಿರೋದು ಅದೊಂದೇ.”

ಈ ಹನಿಯ್ಯಾ ಅತ್ತೆಯ ಕುಡುಗೋಲಿನಿಂದ ಮಾವನ ದೋಣಿಗೆ ಹೊಸ ಎಂಜಿನ್ ಬಂತು, ಮಗಳು ನರ್ಸ್ ಆಗಿ ನಿಮ್ಮದೇ ಪೇಟೆಯ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುತ್ತಿದ್ದಾಳೆ. ನಿಮ್ಮ ತೋಳಿಗೂ ಚುಚ್ಚಿರಬಹುದು. ಪ್ರದೇಶದ ಸಮೃದ್ಧಿಯನ್ನು ಎಲ್ಲಿಂದ ತರುವುದು ಎಂದು ಹೋಟೆಲಿನಲ್ಲಿ ಕೂತು ತಲೆ ಕೆಡಿಸಿಕೊಂಡಿರಲ್ಲ, ಅದು ದಿನವೂ ಒದ್ದೆ ಬೂಟು ಹಾಕಿಕೊಂಡು ನಿಮ್ಮ ಪೇಟೆಗೆ ಬರುತ್ತಿದೆ. ಔಷಧಿ ಅಂಗಡಿಗೆ, ಬಟ್ಟೆ ಅಂಗಡಿಗೆ, ಶಾಲೆಯ ಪುಸ್ತಕದಂಗಡಿಗೆ. ಇಳಿತದ ದಿನಗಳು ಮುಗಿದ ಮರುದಿನ ನಿಮ್ಮ ಪೇಟೆಯ ವ್ಯಾಪಾರ ಹೇಗಿರುತ್ತದೆಂದು ಯಾವ ಅಂಗಡಿಯವನನ್ನಾದರೂ ಕೇಳಿ. ಅವನಿಗೆ ಚಂದ್ರ ಗೊತ್ತು.

ಹೋದ ತಿಂಗಳು ಹೂಡಿಕೆದಾರರ ಜನ ಬಂದು ಕೆಂಪು ಬಣ್ಣ ಬಳಿದ ಗೂಟಗಳನ್ನು ದಡದಲ್ಲಿ ನೆಟ್ಟು ಹೋದರು. ಎಲ್ಲಿ ನೆಟ್ಟರು ಗೊತ್ತೇ? ಮರಿಚಿಪ್ಪಿಗಳು ಇರುವ ಕಡೆ. ನಮ್ಮ ಪ್ರತಿ ಹೆಂಗಸಿನ ಕೊರಳಿನ ದಾರದಲ್ಲಿ ಹಳೆ ಕೊಳವೆಯಿಂದ ಕತ್ತರಿಸಿದ ಕಬ್ಬಿಣದ ಬಳೆಯೊಂದು ಇರುತ್ತದೆ. ಆ ಬಳೆಯೊಳಗೆ ನುಸುಳುವ ಚಿಪ್ಪಿಯನ್ನು ಕೆಸರಿಗೇ ಮರಳಿಸಬೇಕು. ಮರಳಿಸದವಳ ಜೊತೆ ಉಳಿದವರು ಆ ವಾರ ಮಾತಾಡುವುದಿಲ್ಲ. ಇದನ್ನು ಯಾವ ಇಲಾಖೆಯೂ ಹೇಳಿಕೊಟ್ಟದ್ದಲ್ಲ. ಅಮ್ಮ ಗೂಟ ನೆಡುತ್ತಿದ್ದವರ ಹತ್ತಿರ ಹೋಗಿ, “ಅಣ್ಣಾ, ಅಲ್ಲಿ ಬೇಡ, ಅಲ್ಲಿ ಮರಿಗಳಿವೆ, ಆ ಕಡೆ ಹೊಡೀರಿ” ಎಂದಳಂತೆ. ತನ್ನ ದಡವನ್ನು ಕಿತ್ತುಕೊಳ್ಳಲು ಬಂದವನಿಗೆ ಗೂಟ ಎಲ್ಲಿ ಹೊಡೆಯಬೇಕೆಂದು ತೋರಿಸಿದವಳು ನನ್ನ ಅಮ್ಮ. ನನಗೆ ಸಿಟ್ಟು ಬಂತು. ಆಕೆ ಅಂದಳು, “ದಡ ಯಾರ್ದಾದ್ರೂ ಆಗ್ಲಿ, ಮರಿಗಳು ಏನ್ ತಪ್ಪು ಮಾಡಿದ್ವು?”

ನಿಮ್ಮ ಪ್ರಕಟಣೆ ಅಂಟಿಸಿದ್ದು ನಿಮ್ಮ ಕಚೇರಿಯ ಒಳಬಾಗಿಲಿಗೆ. ನಲವತ್ತು ಕಿಲೋಮೀಟರ್ ಆಚೆಗಿನ ಕೆಸರಿನಲ್ಲಿ ನಿಂತವರು ಅದನ್ನು ಓದಬೇಕು. ಓದಿದವಳು ನಾನು. ಅರವತ್ತೊಂದು ಹೆಂಗಸರ ಸಹಿ ಮತ್ತು ಹೆಬ್ಬೆಟ್ಟು ಹಾಕಿಸಿದ ಆಕ್ಷೇಪಣೆಯನ್ನು ಕಳೆದ ಸೋಮವಾರ ನಿಮ್ಮ ಕಚೇರಿಗೆ ತಂದಿದ್ದೆ. ನಿಮ್ಮ ಗುಮಾಸ್ತರು ಒಳ್ಳೆಯವರು, ದಿನವೂ ನಮ್ಮ ಅಂಗಡಿಗೆ ಬರುವವರು. ಕಾಗದ ನೋಡಿ ತಲೆಯಾಡಿಸಿದರು.

“ಕಾಗದ ಆಗಲ್ಲ ತಂಗೀ. ಖುದ್ದಾಗಿ ಬರ್ಬೇಕು. ಗುರುವಾರ ಹತ್ತಕ್ಕೆ.”

“ಹತ್ತಕ್ಕೆ ನೀರು ಇಳಿದಿರ್ತದೆ. ಮೂರು ಗಂಟೆಗೆ ಇಡಿ, ಎಲ್ರೂ ಬರ್ತಾರೆ.”

“ಸಮುದ್ರದ ಟೈಮಿಗೆ ಕಚೇರಿ ನಡೆಯಲ್ಲ.”

“ಕರಾವಳಿ ಕಚೇರಿ ಅಲ್ವಾ ಇದು?”

ಅವರು ಆಚೀಚೆ ನೋಡಿ, ದನಿ ತಗ್ಗಿಸಿ, “ನಂಗ್ಯಾಕೆ ಬೈತೀಯ? ನನ್ ಹೆಂಡ್ತಿ ತವರೂ ಆ ಕಡೇದೇ” ಎಂದರು. ಅಷ್ಟು ಹೇಳಿ, ಬಾಗಿಲಿಗೆ ಅಂಟಿಸದೆ ಬಿಟ್ಟಿದ್ದ ಪ್ರಕಟಣೆಯ ಎರಡನೆಯ ಪುಟವನ್ನು ನಕಲಿಗೆಂದು ನನ್ನ ಕೈಗೆ ಕೊಟ್ಟರು. ಅದೇ ಅವರು ಮಾಡಿದ ಉಪಕಾರ.

ಮೊನ್ನೆ ಬುಧವಾರ ಎಲ್ಲರೂ ನಮ್ಮ ಅಂಗಳದಲ್ಲಿ ಸೇರಿದರು. ಬಾರ್ಲಿ ರೊಟ್ಟಿ, ಆಲಿವ್ ಎಣ್ಣೆ, ಖಾರದ ಚಟ್ನಿ ನಡುವೆ ಇತ್ತು, ಯಾರೂ ಮುಟ್ಟಲಿಲ್ಲ. ಅರ್ಧ ಜನ ಕಚೇರಿಗೆ, ಅರ್ಧ ಜನ ದಡಕ್ಕೆ ಎಂದಳು ಒಬ್ಬಳು. ಕಚೇರಿಗೆ ಹೋಗದ ಅರ್ಧ ಒಪ್ಪಿದಂತಾಗುತ್ತದೆ, ಅವರ ಪಾಲಿನ ದಡ ಹೋಗುತ್ತದೆ ಎಂದೆ. “ಹಾಗಾದ್ರೆ ಎಲ್ರೂ ಹೋಗಿ ಅವರ ಮೇಜಿನ ಮೇಲೆ ಒಂದೊಂದು ಬುಟ್ಟಿ ಕೆಸರು ಸುರಿಯೋಣ” ಎಂದಳು ಹನಿಯ್ಯಾ ಅತ್ತೆ. “ಸುರಿದು ಬರೋಷ್ಟರಲ್ಲಿ ಎಂಜಿನಿಯರ್ ಬಂದು ಹೋಗಿರ್ತಾನೆ” ಎಂದಳು ಅಮ್ಮ. ಅಜ್ಜಿ ಮೂಲೆಯಲ್ಲಿ ಕೂತಿದ್ದಳು. ತನ್ನ ಉತ್ತರದಿಂದ ಏನಾಯಿತೆಂದು ಆಕೆಗೆ ನಾನು ಅವತ್ತು ಬೆಳಿಗ್ಗೆಯಷ್ಟೇ ಹೇಳಿದ್ದೆ. ಆವಾಗಿನಿಂದ ಟೀ ಕೂಡ ಕುಡಿದಿರಲಿಲ್ಲ.

“ಆ ಕಾಗದದಲ್ಲಿ ಇನ್ನೇನಿದೆ ಓದು” ಎಂದಳು.

ಗುಮಾಸ್ತರು ಕೊಟ್ಟ ಎರಡನೆಯ ಪುಟ ಓದಿದೆ. ಏಳನೆಯ ಅಂಶ ಹೀಗಿದೆ: ‘ಬಾಧಿತ ಗ್ರಾಮದ ಯಾವುದೇ ವಯಸ್ಕ ನಿವಾಸಿ ಹಾಜರಾಗಿ ತನ್ನ ಪರವಾಗಿಯೂ ತನ್ನ ಕುಟುಂಬ ಮತ್ತು ನೆರೆಯವರ ಪರವಾಗಿಯೂ ಹೇಳಿಕೆ ನೀಡಬಹುದು. ಹೇಳಿಕೆಯನ್ನು ಪೂರ್ತಿಯಾಗಿ ಆಲಿಸದೆ ವಿಚಾರಣೆಯನ್ನು ಮುಗಿಸತಕ್ಕದ್ದಲ್ಲ.’

“ನೆರೆಯವರ ಪರವಾಗಿ ಅಂತ ಇದ್ಯಾ?”

“ಇದೆ ಅಜ್ಜೀ.”

“ಪೂರ್ತಿ ಕೇಳ್ಬೇಕು ಅಂತ?”

“ಹೌದು.”

“ಹಂಗಾದ್ರೆ ನಾನು ಹೋಗ್ತೀನಿ. ನೀರು ಇಳಿದಾಗ ಈ ಊರಲ್ಲಿ ಕೆಲಸ ಇಲ್ದೋರು ನಾವು ಮುದುಕೀರೇ ತಾನೇ? ಇಲ್ಲ ಅಂತ ಹೇಳಿದ್ದೂ ನಾನೇ. ಇದ್ದಾರೆ ಅಂತ ನಾನೇ ಹೇಳ್ತೀನಿ.”

“ಆ ಗಂಡಸರ ಮುಂದೆ ಏನಂತ ಹೇಳ್ತೀಯಾ ಅಮ್ಮಾ?” ಎಂದಳು ಹನಿಯ್ಯಾ ಅತ್ತೆ, ಕಿಚಾಯಿಸುವ ದನಿಯಲ್ಲಿ. “ದೇವರು ನಡೆಸ್ತಾನೆ ಅಂತಾನಾ?”

“ನಿನ್ ಹೆಸರಿಂದ ಶುರು ಮಾಡ್ತೀನಿ. ನೀನು ಹದಿಮೂರು ವರ್ಷದೋಳು ಮೊದಲ್ನೇ ದಿನ ಕೆಸರಲ್ಲಿ ಹೂತು ಅತ್ತಿದ್ದರಿಂದ.”

ಆಗ ಅಂಗಳದಲ್ಲಿ ನಗು ಎದ್ದಿತು. ರೊಟ್ಟಿ ಮುರಿದರು. ಅಜ್ಜಿ ಟೀ ಕೇಳಿದಳು.

ಮಾನ್ಯರೇ, ನನ್ನ ಬೇಡಿಕೆ ಸರಳವಾಗಿದೆ. ಗುರುವಾರದ ವಿಚಾರಣೆಯನ್ನು ನಮ್ಮ ದಡದಲ್ಲಿ ನಡೆಸಿ. ಎಂಜಿನಿಯರರು ಹೇಗೂ ಬರುತ್ತಾರೆ, ಅವರ ಕಾರಿನಲ್ಲೇ ನೀವೂ ಬನ್ನಿ. ಹತ್ತೂವರೆಗೆ ನೀರು ದೂರದ ಅಂಚಿನಲ್ಲಿರುತ್ತದೆ, ಅರವತ್ತೊಂದು ಜನ ಸಾಲಾಗಿ ಬಗ್ಗಿರುತ್ತಾರೆ. ನಿಮ್ಮ ಯುವಕ ಸೊನ್ನೆ ಬರೆದ ಜಾಗದಲ್ಲಿ ನೀವೇ ಬೆರಳಿಟ್ಟು ಎಣಿಸಿ. ಆ ಸಮೀಕ್ಷೆಯನ್ನು ರದ್ದು ಮಾಡಿ, ಗೂಟಗಳನ್ನು ಕೀಳಿಸಿ, ದಡವನ್ನು ಅದರಲ್ಲಿ ದುಡಿಯುವವರ ಹೆಸರಿಗೆ, ಹೆಂಗಸರ ಹೆಸರಿಗೇ, ಬರೆಯಿರಿ. ನಮಗೆ ಆತ್ಮವಿಶ್ವಾಸ ಬೇಡ, ಪರವಾನಗಿ ಬೇಕು. ಆ ಕಾಗದ ಕೈಯಲ್ಲಿದ್ದರೆ ಸೀ ಲಸ್ಸಾದ್‌ನ ವ್ಯಾನಿಗೆ ಕಾಯದೆ ತೊಳೆಯುವ ಕೇಂದ್ರವನ್ನು ನಾವೇ ಕಟ್ಟಿಕೊಳ್ಳುತ್ತೇವೆ. ನಿಮ್ಮ ಪುಸ್ತಿಕೆಯ ಮೊದಲ ಪುಟದ ಮಾತನ್ನು ನಿಜ ಮಾಡಲು ಇದಕ್ಕಿಂತ ಹತ್ತಿರದ ದಾರಿ ನಿಮಗೆ ಸಿಗಲಾರದು.

ಬರಲು ಆಗದಿದ್ದರೆ ಹೀಗಾಗುತ್ತದೆ. ಗುರುವಾರ ಬೆಳಿಗ್ಗೆ ಏಳರ ಬಸ್ಸಿಗೆ ನನ್ನ ಅಜ್ಜಿಯನ್ನು ಹತ್ತಿಸಿಕೊಂಡು ನಾನೇ ಬರುತ್ತೇನೆ. ಆಕೆಗೆ ಒಂದು ಕುರ್ಚಿ ಹಾಕಿಸಿಡಿ, ಬೆನ್ನಿಗೆ ಒರಗು ಇರುವಂಥದ್ದು. ಆಕೆ ನಲವತ್ನಾಲ್ಕು ವರ್ಷ ಚಿಪ್ಪಿ ಆರಿಸಿದವಳು. ಮೊದಲು ಅದನ್ನು ಹೇಳುತ್ತಾಳೆ, ಜೀವಮಾನದಲ್ಲಿ ಮೊದಲ ಸಲ ಹೊರಗಿನವರ ಎದುರು. ಆಮೇಲೆ ಅರವತ್ತೊಂದು ಹೆಂಗಸರ ಹೆಸರು ಹೇಳುತ್ತಾಳೆ. ನಮ್ಮಲ್ಲಿ ಹೆಸರು ಹೇಳುವುದೆಂದರೆ ಯಾರ ಮಗಳು, ಯಾರ ಸೊಸೆ, ಯಾವ ಚಳಿಗಾಲದಲ್ಲಿ ಕುಡುಗೋಲು ಹಿಡಿದಳು, ಅದರಿಂದ ಯಾರಿಗೆ ಮದುವೆಯಾಯಿತು, ಯಾರಿಗೆ ಔಷಧಿ ಬಂತು, ಎಲ್ಲ ಹೇಳುವುದು. ಆಕೆ ನಿಧಾನವಾಗಿ ಮಾತಾಡುತ್ತಾಳೆ. ನಡುವೆ ಬಾಯಿ ಹಾಕಿದರೆ ಮೊದಲಿನಿಂದ ಶುರು ಮಾಡುತ್ತಾಳೆ. ಏಳನೆಯ ಅಂಶ ನೆನಪಿರಲಿ.

ಒಂದು ಗಂಟೆಗೆ ಇಲ್ಲಿ ನೀರು ತುಂಬುತ್ತದೆ. ಅಷ್ಟರಲ್ಲಿ ನಿಮ್ಮ ಎಂಜಿನಿಯರರು ದಡದಲ್ಲಿ ಅರವತ್ತೊಂದು ಜನರನ್ನು ಕಣ್ಣಾರೆ ಕಂಡು ಬರೆದುಕೊಂಡಿರುತ್ತಾರೆ. ಒಂದೂವರೆಗೆ ಬಸ್ಸಿದೆ. ಎರಡೂವರೆಗೆ ಆ ಅರವತ್ತೊಂದು ಜನ, ಬಟ್ಟೆ ಬದಲಿಸದೆ, ಕುಡುಗೋಲು ಸೊಂಟದಲ್ಲಿರುವಂತೆಯೇ ನಿಮ್ಮ ಗೇಟಿನಲ್ಲಿರುತ್ತಾರೆ. ಅಜ್ಜಿ ಆಗ ಬಹುಶಃ ನಲವತ್ತನೆಯ ಹೆಸರಿನಲ್ಲಿರುತ್ತಾಳೆ. ಉಳಿದವರು ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುತ್ತಾರೆ.

ಆಕೆಗೆ ಎರಡು ಲೋಟ ಟೀ ಕೊಡಿ. ನಿಮ್ಮ ಕಚೇರಿ ಆಕೆಗೆ ಅಷ್ಟು ಋಣಿ.

ಇಂತಿ,
ನಿಮ್ಮ ಸಮೀಕ್ಷೆಯ ದಿನ ಪರದೆಯ ಹಿಂದೆ ಸುಮ್ಮನಿದ್ದ, ಇನ್ನು ಸುಮ್ಮನಿರಲಾರದ
ದೊರ್ರಾ
ಮಹ್ಬೂಬಾಳ ಮಗಳು, ಖದೂಜಾಳ ಮೊಮ್ಮಗಳು
ಬೀರ್ ಮಾಲಿಹ್, ನೀವು ‘ಯಾರೂ ಇಲ್ಲ’ ಎಂದು ಬರೆದ ಊರು